ಕಿಡ್ನಿ ಕಲ್ಲು ಮತ್ತೆ ಮತ್ತೆ ಬರುತ್ತಿದೆಯೇ? ಕ್ಯಾಲ್ಸಿಯಂ ನೋಡಿಸಿ

ಕಿಡ್ನಿಯಲ್ಲಿ ಕಲ್ಲು ಬಂತು. ಬಾಳೆದಿಂಡಿನ ರಸ ಕುಡಿದದ್ದಾಯಿತು, ಆಸ್ಪತ್ರೆಯಲ್ಲಿ ಒಡೆಸಿದ್ದೂ ಆಯಿತು. ಆದರೂ ಮತ್ತೆ ಬಂತು. ಜೊತೆಗೆ ಮೂಳೆನೋವು, ಸುಸ್ತು, ಮಲಬದ್ಧತೆ, ತೀರದ ಬಾಯಾರಿಕೆ. ಇಂಥವರು ಮೊದಲು ಮಾಡಿಸಬೇಕಾದದ್ದು ರಕ್ತದ ಕ್ಯಾಲ್ಸಿಯಂ ಪರೀಕ್ಷೆ. ಇಷ್ಟು ಸಣ್ಣ ಪರೀಕ್ಷೆ ಎಷ್ಟೋ ಜನರಿಗೆ ಆಗುವುದೇ ಇಲ್ಲ ಅನ್ನುವುದು ನನ್ನ ಸಂಕಟ.

ಕತ್ತಿನಲ್ಲಿ ಥೈರಾಯ್ಡ್ ಹಿಂದೆ ಅಕ್ಕಿಕಾಳಿನಷ್ಟು ಪುಟ್ಟ ಪ್ಯಾರಾಥೈರಾಯ್ಡ್ ಗ್ರಂಥಿಗಳಿವೆ, ಸಾಮಾನ್ಯವಾಗಿ ನಾಲ್ಕು. ಇವುಗಳ ಪಿಟಿಎಚ್ ಹಾರ್ಮೋನು ಮೂಳೆಯಿಂದ ಕ್ಯಾಲ್ಸಿಯಂ ಎಳೆದು ರಕ್ತಕ್ಕೆ ಸೇರಿಸುತ್ತದೆ. ಅದು ಜಾಸ್ತಿಯಾದರೆ ಮೂಳೆ ಸವೆಯುತ್ತದೆ, ಕಿಡ್ನಿಯಲ್ಲಿ ಕಲ್ಲು ಕೂರುತ್ತದೆ. ಹೆಚ್ಚಿನವರಲ್ಲಿ ಕಾರಣ ಕ್ಯಾನ್ಸರ್ ಅಲ್ಲದ ಸಾದಾ ಗಡ್ಡೆ. ಕ್ಯಾನ್ಸರ್ ಬಹಳ ಅಪರೂಪ, ನೂರರಲ್ಲಿ ಒಬ್ಬರ ಆಸುಪಾಸು.

ಈಗ ರಿಪೋರ್ಟ್ ಕೈಗೆತ್ತಿಕೊಳ್ಳಿ. ಕ್ಯಾಲ್ಸಿಯಂ ಡೆಸಿಲೀಟರಿಗೆ ಸುಮಾರು 8.5ರಿಂದ 10.5 ಮಿಲಿಗ್ರಾಂ ಇರಬೇಕು. ಸ್ವಲ್ಪ ಜಾಸ್ತಿ ಇದ್ದರೆ ಆಲ್ಬುಮಿನ್ (ಕ್ಯಾಲ್ಸಿಯಂ ಅಂಟಿಕೊಳ್ಳುವ ರಕ್ತದ ಪ್ರೋಟೀನು) ಪರೀಕ್ಷೆಯ ಜೊತೆಗೆ ಇನ್ನೊಮ್ಮೆ ಮಾಡಿಸಿ. ರಕ್ತ ತೆಗೆಯುವಾಗ ತೋಳಿನ ಪಟ್ಟಿಯನ್ನು ಬಹಳ ಹೊತ್ತು ಬಿಗಿದಿಟ್ಟರೂ ಅಂಕಿ ಏರುತ್ತದೆ. ವಿಟಮಿನ್ ಡಿ, ಮಾನಸಿಕ ಕಾಯಿಲೆಗೆ ಕೊಡುವ ಲಿಥಿಯಂ, ಕೆಲವು ಬಿಪಿ ಮಾತ್ರೆಗಳಿಂದಲೂ ಏರಬಹುದು. ಏನೇನು ನುಂಗುತ್ತಿದ್ದೀರಿ ಅಂತ ಡಾಕ್ಟರಿಗೆ ಹೇಳಿ. ಆಮೇಲೆ ಪಿಟಿಎಚ್ ಪರೀಕ್ಷೆ. ಬೇರೆ ಕ್ಯಾನ್ಸರ್‌ಗಳಿಂದ ಕ್ಯಾಲ್ಸಿಯಂ ಏರಿದಾಗ ಪಿಟಿಎಚ್ ಸಾಮಾನ್ಯವಾಗಿ ಇಳಿದಿರುತ್ತದೆ. ಎರಡೂ ಏರಿದ್ದರೆ ಅನುಮಾನ ಈ ಗ್ರಂಥಿಯ ಮೇಲೆ.

ಕ್ಯಾಲ್ಸಿಯಂ 14 ದಾಟಿದೆ, ಪಿಟಿಎಚ್ ಹಲವು ಪಟ್ಟು ಹೆಚ್ಚಿದೆ, ಕತ್ತಿನಲ್ಲಿ ಗಟ್ಟಿ ಗಂಟು ಕೈಗೆ ಸಿಗುತ್ತದೆ, ಧ್ವನಿ ಒಡೆದಿದೆ ಅಂದರೆ ಕ್ಯಾನ್ಸರ್ ಇರಬಹುದು ಅಂತ ಯೋಚಿಸಲೇಬೇಕು. 14 ದಾಟಿದವರು ಕಾಯಬಾರದು, ಅದೇ ದಿನ ಆಸ್ಪತ್ರೆಗೆ ಹೋಗಬೇಕು. ಸಲೈನ್ ಡ್ರಿಪ್, ಝೋಲೆಡ್ರೋನಿಕ್ ಆಸಿಡ್ ಇಂಜೆಕ್ಷನ್, ಸಿನಾಕಾಲ್ಸೆಟ್ ಮಾತ್ರೆಗಳಿಂದ ಮೊದಲು ಕ್ಯಾಲ್ಸಿಯಂ ಇಳಿಸುತ್ತಾರೆ.

ಗಡ್ಡೆ ಎಲ್ಲಿದೆ ಅಂತ ಅಲ್ಟ್ರಾಸೌಂಡ್ ಮತ್ತು ಸೆಸ್ಟಾಮಿಬಿ ಸ್ಕ್ಯಾನ್ (ಸ್ವಲ್ಪ ವಿಕಿರಣ ಸೂಸುವ ಔಷಧಿ ಚುಚ್ಚಿ ತೆಗೆಯುವ ಚಿತ್ರ) ತೋರಿಸುತ್ತವೆ. ಅನುಮಾನ ಇರುವ ಗಡ್ಡೆಗೆ ಸೂಜಿ ಚುಚ್ಚಿಸಬೇಡಿ. ಅದರಿಂದ ಕ್ಯಾನ್ಸರ್ ಹೌದೋ ಅಲ್ಲವೋ ಖಚಿತವಾಗುವುದಿಲ್ಲ, ಜೀವಕೋಶಗಳು ಸುತ್ತ ಚೆಲ್ಲುವ ಅಪಾಯ ಬೇರೆ.

ನಿಜವಾದ ಚಿಕಿತ್ಸೆ ಆಪರೇಷನ್. ಅದರಲ್ಲೂ ಮೊದಲ ಆಪರೇಷನ್ನೇ ಮುಖ್ಯ. ಆರೋಗ್ಯವಾಗಿರುವ ಗ್ರಂಥಿ ಮೆತ್ತಗೆ, ಹಳದಿ ಮಿಶ್ರಿತ ಕಂದು ಬಣ್ಣದ್ದು. ಕ್ಯಾನ್ಸರ್ ಆದದ್ದು ಹೆಚ್ಚಾಗಿ ಬೂದುಬಿಳಿ, ಕಲ್ಲಿನಂತೆ ಗಟ್ಟಿ, ಪಕ್ಕದ ಭಾಗಗಳಿಗೆ ಅಂಟಿಕೊಂಡಿರುತ್ತದೆ. ಅದರ ಪೊರೆ ಒಡೆಯದಂತೆ, ಅದೇ ಬದಿಯ ಅರ್ಧ ಥೈರಾಯ್ಡ್ ಸಮೇತ ಒಂದೇ ಮುದ್ದೆಯಾಗಿ ತೆಗೆಯಬೇಕು. ಇದರಲ್ಲಿ ಪಳಗಿದ ಸರ್ಜನ್ ಸಿಕ್ಕರೆ ದೂರವಾದರೂ ಹೋಗಿ. ತೆಗೆದ ಗಡ್ಡೆ ರಕ್ತನಾಳಕ್ಕೋ ಪಕ್ಕದ ಭಾಗಗಳಿಗೋ ನುಗ್ಗಿದೆಯೇ ಅಂತ ಸೂಕ್ಷ್ಮದರ್ಶಕದಲ್ಲಿ ನೋಡಿದ ಮೇಲೆಯೇ ಎಷ್ಟೋ ಸಲ ಕ್ಯಾನ್ಸರ್ ಖಚಿತವಾಗುತ್ತದೆ.

ಆಪರೇಷನ್ ಆದ ಮೇಲೆ ತುಟಿ, ಬೆರಳು ಜುಮ್ಮೆಂದರೆ ತಕ್ಷಣ ಹೇಳಿ. ಇಷ್ಟು ದಿನ ಸವೆದ ಮೂಳೆಗಳು ಕ್ಯಾಲ್ಸಿಯಂ ಹೀರಿಕೊಂಡು ರಕ್ತದಲ್ಲಿ ಕೊರತೆಯಾಗಿರುತ್ತದೆ. ಈ ಕ್ಯಾನ್ಸರ್ ಕೀಮೋ, ರೇಡಿಯೇಷನ್‌ಗೆ ಅಷ್ಟಾಗಿ ಬಗ್ಗುವುದಿಲ್ಲ. ಸುಮಾರು ಅರ್ಧದಷ್ಟು ಜನರಲ್ಲಿ ಕಾಯಿಲೆ ಮರಳುತ್ತದೆ, ಕೆಲವೊಮ್ಮೆ ವರ್ಷಗಳಾದ ಮೇಲೆ. ಹಾಗಾಗಿ ಕ್ಯಾಲ್ಸಿಯಂ, ಪಿಟಿಎಚ್ ಪರೀಕ್ಷೆ ಜೀವನಪೂರ್ತಿ ಬೇಕು. ಈ ಕ್ಯಾನ್ಸರಿಗೆ ನಂಟಿರುವ ಸಿಡಿಸಿ73 ಅನ್ನುವ ಜೀನಿನ ಪರೀಕ್ಷೆಯ ಬಗ್ಗೆಯೂ ಡಾಕ್ಟರನ್ನು ಕೇಳಿ. ಹುಟ್ಟಿನಿಂದಲೇ ಬಂದ ದೋಷ ಅದರಲ್ಲಿ ಕಂಡರೆ ಒಡಹುಟ್ಟಿದವರನ್ನೂ ಮಕ್ಕಳನ್ನೂ ಪರೀಕ್ಷೆಗೆ ಕರೆದೊಯ್ಯಿರಿ.