ಕ್ಲೌಡ್‌ನಲ್ಲಿ ಇದ್ದರೂ ಪಾಸ್‌ವರ್ಡ್ ಫೈಲಿಗೆ ನಾನು ಬೇರೆ ಪ್ರತಿ ಇಡುವ ರೀತಿ

ಮುಂಬಯಿಯ ಕಿಂಗ್ಸ್ ಸರ್ಕಲ್ ಹತ್ತಿರ ನನ್ನದೊಂದು ಪುಟ್ಟ ಟ್ಯಾಕ್ಸ್ ಆಫೀಸು. ಬರುವವರು ಹೆಚ್ಚಾಗಿ ನಮ್ಮ ಕರಾವಳಿ ಕಡೆಯ ಹೋಟೆಲಿನವರು. ಒಂದು ಹೋಟೆಲ್ ಅಂದರೆ ಜಿಎಸ್‌ಟಿ, ಇನ್‌ಕಮ್ ಟ್ಯಾಕ್ಸ್, ಪಿಎಫ್, ಪ್ರೊಫೆಷನಲ್ ಟ್ಯಾಕ್ಸ್, ಫುಡ್ ಲೈಸೆನ್ಸ್ ಎಂದು ಐದಾರು ಲಾಗಿನ್. "ಅದೆಲ್ಲ ನೀವೇ ಇಟ್ಕೊಳ್ಳಿ ಮಾರಾಯ್ರೇ" ಎಂದು ಅವರು ನಿಶ್ಚಿಂತೆಯಿಂದ ಗಲ್ಲಾಕ್ಕೆ ಮರಳುತ್ತಾರೆ. ಚಿಂತೆ ನನಗೆ.

ನಾನು ಬಳಸುವುದು ಕೀಪಾಸ್‌ಎಕ್ಸ್‌ಸಿ ಎಂಬ, ಪಾಸ್‌ವರ್ಡ್‌ಗಳನ್ನು ಬೀಗ ಹಾಕಿ ಇಡುವ ಪ್ರೋಗ್ರಾಂ. ಎಲ್ಲ ಪಾಸ್‌ವರ್ಡ್ ಒಂದೇ ಕೆಡಿಬಿಎಕ್ಸ್ ಫೈಲಿನಲ್ಲಿರುತ್ತದೆ. ಮಾಸ್ಟರ್ ಪಾಸ್‌ವರ್ಡ್ ಇಲ್ಲದೆ ಅದು ತೆರೆಯುವುದಿಲ್ಲ. ಆ ಫೈಲನ್ನು ಗೂಗಲ್ ಡ್ರೈವಿನಲ್ಲಿ ಇಟ್ಟಿದ್ದೇನೆ. ಆಫೀಸಿನ ಕಂಪ್ಯೂಟರ್, ಡೊಂಬಿವ್ಲಿ ಮನೆಯ ಲ್ಯಾಪ್‌ಟಾಪ್, ಮೊಬೈಲಿನ ಕೀಪಾಸ್2ಆಂಡ್ರಾಯ್ಡ್ ಆ್ಯಪ್, ಮೂರೂ ಕಡೆ ಅದೇ ಫೈಲು.

"ಮೂರು ಕಡೆ ಇದೆಯಲ್ಲ ಸಾರ್, ಮತ್ತೆ ಬ್ಯಾಕಪ್ ಯಾಕೆ?" ಎಂದು ನಮ್ಮ ಆಫೀಸಿನ ಹುಡುಗ ಕೇಳುತ್ತಿದ್ದ. ಉತ್ತರವನ್ನು ಅವನೇ ತೋರಿಸಿಕೊಟ್ಟ. ವಡಾಲದ ಒಂದು ಹೋಟೆಲಿನ ಪಾಲುದಾರಿಕೆ ಮುರಿದು ವ್ಯಾಪಾರ ಮುಚ್ಚಿತು. ಇನ್ನು ಬೇಡ ಎಂದು ಅವನು ಆ ಹೋಟೆಲಿನ ಗುಂಪನ್ನೇ ಅಳಿಸಿದ. ಶಿಸ್ತಿನ ಹುಡುಗ, ರೀಸೈಕಲ್ ಬಿನ್ ಕೂಡ ಖಾಲಿ ಮಾಡಿದ. ಎಲ್ಲ ಕಡೆ ಫೈಲನ್ನು ಒಂದೇ ತೆರ ಇಡುವ ಸಿಂಕ್ ತನ್ನ ಕೆಲಸ ಸರಿಯಾಗಿಯೇ ಮಾಡಿತು. ಮೂರೂ ಕಡೆ ಅಳಿಸಿತು. ತಿಂಗಳುಗಳ ನಂತರ ಹಳೆಯ ವರ್ಷದ ಲೆಕ್ಕಕ್ಕೆ ನೋಟಿಸ್ ಬಂತು, ಆ ಹೋಟೆಲಿನ ಲಾಗಿನ್ ಬೇಕಾಯಿತು. ಇಂಥ ಫೈಲುಗಳ ಹಳೆಯ ಆವೃತ್ತಿಗಳನ್ನು ಡ್ರೈವ್ ಸಾಮಾನ್ಯವಾಗಿ 30 ದಿನ ಇಟ್ಟುಕೊಂಡು ಬಿಸಾಡುತ್ತದೆ. ಹಾಗಾಗಿ ಅಲ್ಲೂ ಇರಲಿಲ್ಲ. ಸಿಕ್ಕಿದ್ದು ಪೆನ್‌ಡ್ರೈವಿನ ಹಳೆಯ ಪ್ರತಿಯಲ್ಲಿ. ಅದನ್ನು ಇನ್ನೊಂದು ಟ್ಯಾಬಿನಲ್ಲಿ ತೆರೆದು, ಬೇಕಾದಷ್ಟನ್ನು ಕೈಯಲ್ಲೇ ಇತ್ತ ಸೇರಿಸಿದೆ. ಆಮೇಲೆ ಹುಡುಗ ಆ ಪ್ರಶ್ನೆ ಕೇಳಿಲ್ಲ.

ಬ್ಯಾಕಪ್‌ಗೆ ನಾನು ಬೇರೆ ದಿನ ನೋಡುವುದಿಲ್ಲ. ಪ್ರತಿ ತಿಂಗಳ 20ಕ್ಕೆ ಜಿಎಸ್‌ಟಿಆರ್-3ಬಿ ಎಂಬ ಜಿಎಸ್‌ಟಿ ರಿಟರ್ನಿನ ಗಡುವು. ಅದು ಮುಗಿದ ಮೇಲೆ ತಲೆ ಸ್ವಲ್ಪ ತಣ್ಣಗಿರುತ್ತದೆ, ಆಗ. ಮೊದಲು ಡ್ರೈವ್ ಫೋಲ್ಡರಿನಲ್ಲಿ ಒಂದೇ ಹೆಸರಿನ ಎರಡು ಫೈಲು ಆಗಿದೆಯೇ ನೋಡುತ್ತೇನೆ. ಟ್ರೇನಿನಲ್ಲಿ ನೆಟ್ ಇಲ್ಲದಾಗ ಮೊಬೈಲಿನಲ್ಲಿ ಏನೋ ತಿದ್ದಿ, ಅದೇ ಹೊತ್ತಿಗೆ ಆಫೀಸಿನಲ್ಲೂ ತಿದ್ದಿದರೆ ಹೀಗಾಗಬಹುದು. ಆಗ ಯಾವುದನ್ನೂ ಎಸೆಯಬಾರದು. ಕೀಪಾಸ್‌ಎಕ್ಸ್‌ಸಿಯ ಡೇಟಾಬೇಸ್ ಮೆನುವಿನಲ್ಲಿ ಮರ್ಜ್ ಇದೆ, ಎರಡನ್ನೂ ಸೇರಿಸುತ್ತದೆ. ಆಮೇಲೆ ಫೈಲಿನ ಹೆಸರಿಗೆ ತಾರೀಖು ಸೇರಿಸಿ ಪೆನ್‌ಡ್ರೈವಿಗೆ ಹಾಕುತ್ತೇನೆ. ಹಳೆಯದರ ಮೇಲೆ ಹೊಸದನ್ನು ಬರೆಯುವುದಿಲ್ಲ. ಫೈಲು ಒಂದು ಎಂಬಿ ಕೂಡ ಇಲ್ಲ, ಜಾಗಕ್ಕೇನು ಬರ?

ಸೇವ್ ಮಾಡುವ ಮೊದಲು ತಾನೇ ಬ್ಯಾಕಪ್ ತೆಗೆಯುವ ಸೆಟ್ಟಿಂಗ್ ಕೂಡ ಇದೆ. ಅದನ್ನೂ ಹಾಕಿದ್ದೇನೆ. ಆದರೆ ಸುಮ್ನೆ ಬಿಟ್ಟರೆ ಅದು ಹಿಂದಿನ ಒಂದೇ ಪ್ರತಿಯನ್ನು ಇಡುತ್ತದೆ, ಅದೂ ಅದೇ ಫೋಲ್ಡರಿನಲ್ಲಿ. ನೆಚ್ಚಿಕೊಂಡು ಕೂರುವಂಥದ್ದಲ್ಲ.

ಪ್ರತಿ ಎಲ್ಲಿಡುವುದು ಎಂಬುದಕ್ಕೆ ಈ ಊರೇ ಪಾಠ ಹೇಳುತ್ತದೆ. ಕಿಂಗ್ಸ್ ಸರ್ಕಲ್‌ನಲ್ಲಿ ಜೋರು ಮಳೆ ಬಂದರೆ ರಸ್ತೆಯಲ್ಲೇ ನೀರು. 2005ರ ಜುಲೈ 26ರಂದು ಸಾಂತಾಕ್ರೂಜ್‌ನಲ್ಲಿ 944 ಮಿಲಿಮೀಟರ್ ಬಿದ್ದದ್ದನ್ನು ಇಲ್ಲಿ ಯಾರೂ ಮರೆತಿಲ್ಲ. ನನ್ನ ಆಫೀಸು ನೆಲಮಹಡಿ. ಅದಕ್ಕೇ ಪೆನ್‌ಡ್ರೈವ್ ಅಲ್ಲಿ ಇಡುವುದಿಲ್ಲ. ಅದು ಮೂರನೇ ಮಹಡಿಯ ಮನೆಯಲ್ಲಿ. ಮತ್ತೊಂದು ಪ್ರತಿ ಉಡುಪಿಯಲ್ಲಿ ಅಕ್ಕನ ಕಪಾಟಿನಲ್ಲಿ, ಮೇ ತಿಂಗಳಲ್ಲಿ ಮತ್ಸ್ಯಗಂಧ ರೈಲು ಹತ್ತಿ ಊರಿಗೆ ಹೋದಾಗ ಅದನ್ನು ಬದಲಾಯಿಸುತ್ತೇನೆ. "ಇದರಲ್ಲಿ ಏನುಂಟು, ಚಿನ್ನವಾ?" ಎಂದು ಅಕ್ಕ ಪ್ರತಿಸಲ ಕೇಳುತ್ತಾಳೆ.

ಹೆಚ್ಚಿನವರು ಮರೆಯುವ ವಿಷಯ ಬೇರೆ ಇದೆ. ಪಾಸ್‌ವರ್ಡ್ ಫೈಲು ಡ್ರೈವಿನಲ್ಲಿ, ಡ್ರೈವಿನ ಪಾಸ್‌ವರ್ಡ್ ಆ ಫೈಲಿನಲ್ಲಿ. ಪೆಟ್ಟಿಗೆಗೆ ಬೀಗ ಹಾಕಿ ಕೀಲಿಕೈಯನ್ನು ಒಳಗೇ ಬಿಟ್ಟ ಹಾಗೆ, ಅಲ್ವಾ? ಸಂಜೆಯ ಡೊಂಬಿವ್ಲಿ ಫಾಸ್ಟ್ ಲೋಕಲ್‌ನಲ್ಲಿ ಮೊಬೈಲ್ ಹೋಯಿತು ಅಂದುಕೊಳ್ಳಿ. ಒಟಿಪಿಯೂ ಹೋಯಿತು, ಫೈಲೂ ಹೋಯಿತು. ಹೊಸ ಮೊಬೈಲ್ ತಂದರೂ ಗೂಗಲ್ ಒಳಗೆ ಬಿಡಬೇಕಲ್ಲ! ಇದಕ್ಕೆ ಕಾಗದವೇ ಮದ್ದು. ಗೂಗಲ್ ಖಾತೆಯ ಪಾಸ್‌ವರ್ಡ್ ಮತ್ತು ಒಟಿಪಿ ಬದಲಿಗೆ ಹಾಕಲು ಅದು ಕೊಡುವ 10 ಬ್ಯಾಕಪ್ ಕೋಡ್‌ಗಳನ್ನು ಪ್ರಿಂಟ್ ತೆಗೆದು ಮನೆಯ ಆಸ್ತಿಪತ್ರಗಳ ಜೊತೆ ಇಟ್ಟಿದ್ದೇನೆ. ಒಂದೊಂದು ಕೋಡ್ ಒಂದೇ ಸಲ ನಡೆಯುತ್ತದೆ. ಬಳಸಿದ್ದನ್ನು ಪೆನ್ನಿನಿಂದ ಹೊಡೆದುಹಾಕಬೇಕು. ಮಾಸ್ಟರ್ ಪಾಸ್‌ವರ್ಡ್ ಆ ಹಾಳೆಯಲ್ಲಿ ಇಲ್ಲ. ಅದು ಬೇರೆ ಲಕೋಟೆ, ಬೇರೆ ಜಾಗ, ಹೆಂಡತಿಗೆ ಗೊತ್ತು. ನನ್ನ ಫೈಲು ತೆರೆಯಲು ಮಾಸ್ಟರ್ ಪಾಸ್‌ವರ್ಡಿನ ಜೊತೆ ಕೀ ಫೈಲ್ ಎಂಬ ಇನ್ನೊಂದು ಫೈಲೂ ಬೇಕು. ಅದನ್ನು ಡ್ರೈವಿಗೆ ಹಾಕಿಲ್ಲ, ಮಾಸ್ಟರ್ ಪಾಸ್‌ವರ್ಡಿನ ಲಕೋಟೆಯಲ್ಲೇ ಒಂದು ಪುಟ್ಟ ಮೆಮೊರಿ ಕಾರ್ಡಿನಲ್ಲಿದೆ. ಅದು ಕಳೆದರೆ ಎಷ್ಟು ಪ್ರತಿ ಇದ್ದರೂ ದಂಡ. ಕೀಪಾಸ್‌ನಲ್ಲಿ 'ಪಾಸ್‌ವರ್ಡ್ ಮರೆತಿರಾ' ಎಂಬ ಬಟನ್ ಇಲ್ಲ.

ಆಗಾಗ ಪರೀಕ್ಷೆಯನ್ನೂ ಮಾಡುತ್ತೇನೆ. ಮಗಳ ಹಳೆಯ ಲ್ಯಾಪ್‌ಟಾಪ್, ವೈಫೈ ಬಂದ್, ನನ್ನ ಮೊಬೈಲ್ ಬೇರೆ ಕೋಣೆಯಲ್ಲಿ. ಬರೀ ಪೆನ್‌ಡ್ರೈವ್ ಮತ್ತು ಲಕೋಟೆಯಿಂದ ಫೈಲು ತೆರೆಯಬೇಕು. ತೆರೆದರೆ ಮಾತ್ರ ಅದನ್ನು ಬ್ಯಾಕಪ್ ಎಂದು ಲೆಕ್ಕಕ್ಕೆ ಹಿಡಿಯುತ್ತೇನೆ.

ಹೆಂಡತಿ ಬಳಸುವುದು ಬಿಟ್‌ವಾರ್ಡನ್ ಎಂಬ ಇನ್ನೊಂದು ಪಾಸ್‌ವರ್ಡ್ ಪ್ರೋಗ್ರಾಂ. ಅಲ್ಲಿ ಕಾಪಿ ಮಾಡುವ ಫೈಲು ಇಲ್ಲ, ಎಕ್ಸ್‌ಪೋರ್ಟ್ ಮಾಡಬೇಕು. ಸಿಎಸ್‌ವಿ ಎಂಬ ಸಾದಾ ಪಟ್ಟಿಯ ಫೈಲು ತೆಗೆಯಬೇಡ ಎಂದು ಹೇಳಿದ್ದೇನೆ. ಅದರಲ್ಲಿ ಎಲ್ಲ ಪಾಸ್‌ವರ್ಡ್ ಬಿಚ್ಚಿಟ್ಟ ಹಾಗೇ ಇರುತ್ತದೆ. ಎನ್‌ಕ್ರಿಪ್ಟೆಡ್ ಜೇಸನ್ ಎಂಬ ಬೀಗ ಹಾಕಿದ ಫೈಲಿನಲ್ಲಿ ಎರಡು ಬಗೆ. ಒಂದು ಅದೇ ಖಾತೆಗೆ ಕಟ್ಟಿಬಿದ್ದದ್ದು, ಖಾತೆಯೇ ಹೋದರೆ ಉಪಯೋಗವಿಲ್ಲ. ಇನ್ನೊಂದಕ್ಕೆ ನಾವೇ ಪಾಸ್‌ವರ್ಡ್ ಇಡಬಹುದು, ಬೇಕಾದ್ದು ಇದು. ಜೇಸನ್‌ನಲ್ಲಿ ಅಟ್ಯಾಚ್‌ಮೆಂಟ್ ಬರುವುದಿಲ್ಲ. ಅವಳ ಪಾಸ್‌ಪೋರ್ಟ್ ಸ್ಕ್ಯಾನನ್ನು ಬೇರೆಯಾಗಿ ತೆಗೆದಿಟ್ಟೆವು.

ಮಾಸ್ಟರ್ ಪಾಸ್‌ವರ್ಡ್ ಬದಲಾಯಿಸಿದಾಗ ಒಂದು ಕೆಲಸ ಜಾಸ್ತಿ. ಹಳೆಯ ಪ್ರತಿಗಳಿಗೆ ಅದು ಗೊತ್ತಾಗುವುದಿಲ್ಲ, ಅವು ಹಳೆಯ ಪಾಸ್‌ವರ್ಡಿಗೇ ತೆರೆಯುತ್ತವೆ. ಹಳೆಯದು ಯಾರಿಗಾದರೂ ಗೊತ್ತಾಗಿರಬಹುದು ಎಂಬ ಅನುಮಾನ ಇದ್ದರೆ ಪೆನ್‌ಡ್ರೈವಿನ ಪ್ರತಿಗಳನ್ನೆಲ್ಲ ಅಳಿಸಿ ಹೊಸದಾಗಿ ಹಾಕುತ್ತೇನೆ, ಒಳಗಿನ ಮುಖ್ಯ ಲಾಗಿನ್‌ಗಳ ಪಾಸ್‌ವರ್ಡನ್ನೂ ಬದಲಾಯಿಸುತ್ತೇನೆ. ಅನುಮಾನ ಇಲ್ಲದಿದ್ದರೆ ಲಕೋಟೆಯಲ್ಲಿ ಹಳೆಯ ಪಾಸ್‌ವರ್ಡಿನ ಮುಂದೆ ಯಾವ ತಾರೀಖಿನವರೆಗೆ ಎಂದು ಬರೆದಿಡುತ್ತೇನೆ.