ಟ್ಯಾಂಕರ್‌ನಿಂದ ತೋಟದವರೆಗೆ: ತಾಳೆ ಎಣ್ಣೆಯ ಜಾಡು ಹಿಡಿಯುವುದು ಹೇಗೆ

ಸಾಬೂನು ಅಥವಾ ಬಿಸ್ಕತ್ತು ಮಾಡುವ ಸಣ್ಣ ಘಟಕಕ್ಕೆ ಮಂಗಳೂರು ಬಂದರಿನ ಕಡೆಯಿಂದ ತಾಳೆ ಎಣ್ಣೆಯ ಟ್ಯಾಂಕರ್ ಬರುತ್ತದೆ. ಹೊರದೇಶದ ಗಿರಾಕಿ ‘ಈ ಎಣ್ಣೆ ಎಲ್ಲಿಯದು, ಕಾಡು ಕಡಿದು ಬೆಳೆದದ್ದಲ್ಲ ತಾನೆ?’ ಎಂದು ಕೇಳಿದಾಗ ಲ್ಯಾಬ್ ವರದಿ ಕೊಟ್ಟರೆ ಪ್ರಯೋಜನವಿಲ್ಲ. ಕಾಡು ಕಡಿದ ಜಾಗದ ಎಣ್ಣೆಯಲ್ಲೂ ಎಫ್‌ಎಫ್‌ಎ (ಬಿಡಿ ಕೊಬ್ಬಿನಾಮ್ಲ), ಅಯೋಡಿನ್ ಮೌಲ್ಯದಂಥ ಗುಣಮಟ್ಟದ ಅಳತೆಗಳು ಸರಿಯಾಗಿಯೇ ಇರುತ್ತವೆ. ಎಣ್ಣೆಯ ಊರು ಗೊತ್ತಾಗುವುದು ಕಾಗದದಿಂದ. ಹಾಗಾಗಿ ಕಾಗದವನ್ನು ಎಣ್ಣೆಯಷ್ಟೇ ಜೋಪಾನವಾಗಿ ನೋಡಿಕೊಳ್ಳಬೇಕು.

ಮೊದಲು, ಏನು ಕೊಳ್ಳುತ್ತಿದ್ದೀರಿ ಎಂಬುದನ್ನು ಖಚಿತ ಮಾಡಿಕೊಳ್ಳಿ. ತಾಳೆ ಎಣ್ಣೆಯನ್ನು ಪರಿಸರಕ್ಕೆ ಹಾನಿಯಾಗದಂತೆ ಬೆಳೆದದ್ದೆಂದು ಪ್ರಮಾಣೀಕರಿಸುವ, 2004ರಲ್ಲಿ ಶುರುವಾದ ಆರ್‌ಎಸ್‌ಪಿಒ ವ್ಯವಸ್ಥೆಯಲ್ಲಿ ನಾಲ್ಕು ದಾರಿಗಳಿವೆ. ಐಪಿ (ಐಡೆಂಟಿಟಿ ಪ್ರಿಸರ್ವ್ಡ್) ಎಂದರೆ ಒಂದೇ ಪ್ರಮಾಣೀಕೃತ ಮಿಲ್‌ನ, ಅಂದರೆ ತಾಳೆ ಗೊನೆಯಿಂದ ಎಣ್ಣೆ ತೆಗೆಯುವ ಕಾರ್ಖಾನೆಯ, ಎಣ್ಣೆ ಕೊನೆಯವರೆಗೂ ಬೇರೆಯಾಗಿಯೇ ಬರುವುದು. ಎಸ್‌ಜಿಯಲ್ಲಿ (ಸೆಗ್ರಿಗೇಟೆಡ್) ಹಲವು ಮಿಲ್‌ಗಳ ಎಣ್ಣೆ ಬೆರೆಯಬಹುದು, ಎಲ್ಲವೂ ಪ್ರಮಾಣೀಕೃತವೇ ಆಗಿರಬೇಕು. ಎಂಬಿ, ಅಂದರೆ ಮಾಸ್ ಬ್ಯಾಲೆನ್ಸ್‌ನಲ್ಲಿ ಪ್ರಮಾಣೀಕೃತ ಎಣ್ಣೆಯೂ ಸಾಮಾನ್ಯ ಎಣ್ಣೆಯೂ ಒಂದೇ ಟ್ಯಾಂಕಿನಲ್ಲಿರಬಹುದು, ಲೆಕ್ಕ ಮಾತ್ರ ಬೇರೆ. ನಾಲ್ಕನೆಯದು ಕ್ರೆಡಿಟ್, ಅಂದರೆ ಪ್ರಮಾಣೀಕೃತ ಎಣ್ಣೆಯ ಲೆಕ್ಕವನ್ನಷ್ಟೇ ಕೊಳ್ಳುವುದು: ಎಣ್ಣೆಗೂ ಅದಕ್ಕೂ ನೇರ ಸಂಬಂಧವಿಲ್ಲ, ಬೆಳೆಗಾರನಿಗೆ ಹಣ ತಲುಪುತ್ತದೆ. ಐಪಿಯನ್ನು ಎಸ್‌ಜಿ ಎಂದೋ, ಎಸ್‌ಜಿಯನ್ನು ಎಂಬಿ ಎಂದೋ ಇಳಿಸಿ ಮಾರಬಹುದು. ಏರಿಸಿ ಮಾರುವಂತಿಲ್ಲ.

ಹೆಚ್ಚು ಜನ ಎಡವುವುದು ಎಂಬಿ ಖಾತೆಯಲ್ಲಿ. ತಿಂಗಳಿಗೆ 20 ಟನ್ ಎಂಬಿ ಸ್ಟಿಯರಿನ್ (ತಾಳೆ ಎಣ್ಣೆಯ ಗಟ್ಟಿ ಭಾಗ), 30 ಟನ್ ಸಾಮಾನ್ಯ ಸ್ಟಿಯರಿನ್ ಕೊಂಡು ಒಂದೇ ಟ್ಯಾಂಕಿಗೆ ಸುರಿಯಿರಿ, ತಪ್ಪಿಲ್ಲ. ಆದರೆ ಎಂಬಿ ಎಂದು ಮಾರುವ ಸಾಬೂನಿನಲ್ಲಿ ಹೋಗುವ ಸ್ಟಿಯರಿನ್ 20 ಟನ್ ದಾಟಬಾರದು. ಮುಂದಿನ ಲೋಡು ಹೇಗೂ ಬರುತ್ತದೆ ಎಂದು ಮೊದಲೇ ಮಾರಿಬಿಟ್ಟರೆ ಖಾತೆ ಮೈನಸ್‌ಗೆ ಇಳಿಯುತ್ತದೆ, ಆಡಿಟರ್ ಹಿಡಿಯುವುದು ಅಲ್ಲೇ. ತಿರುಳಿನ ಎಣ್ಣೆಗೂ ಬೀಜದ ಎಣ್ಣೆಗೂ, ಅಂದರೆ ಕರ್ನಲ್ ಎಣ್ಣೆಗೂ, ಎರಡು ಖಾತೆ ಇಡಿ. ಸಾಬೂನಿಗೆ ಎರಡನ್ನೂ ಬಳಸುವವರು ಒಂದರ ಉಳಿಕೆಯನ್ನು ಇನ್ನೊಂದಕ್ಕೆ ತೋರಿಸುವಂತಿಲ್ಲ.

ಟ್ಯಾಂಕರ್ ಗೇಟಿಗೆ ಬಂದಾಗ, ವಾಲ್ವ್ ತೆರೆಯುವ ಮೊದಲು ಕಾಗದ ನೋಡಿ. ಸೀಲ್ ಮೇಲಿನ ನಂಬರೂ ಲಾರಿ ಚೀಟಿಯಲ್ಲಿರುವ ನಂಬರೂ ಒಂದೇ ಇರಬೇಕು. ಬಿಲ್‌ನಲ್ಲಿ ಮಾರುವವರ ಮತ್ತು ಕೊಳ್ಳುವವರ ಹೆಸರು, ವಿಳಾಸ, ಲೋಡ್ ಆದ ದಿನ, ತೂಕ, ಮಾರುವವರ ಪ್ರಮಾಣಪತ್ರದ ಸಂಖ್ಯೆ, ಮತ್ತು ಎಣ್ಣೆಯ ಹೆಸರಿನ ಪಕ್ಕದಲ್ಲೇ ಐಪಿ, ಎಸ್‌ಜಿ ಅಥವಾ ಎಂಬಿ ಎಂದು ಬರೆದಿರಬೇಕು. ಬರೀ ‘ಆರ್‌ಎಸ್‌ಪಿಒ ಪಾಮೋಲಿನ್’ ಎಂದಿದ್ದರೆ ಸಾಲದು. ಆ ಪ್ರಮಾಣಪತ್ರ ಇನ್ನೂ ಚಾಲ್ತಿಯಲ್ಲಿದೆಯೇ ಎಂದು ಆರ್‌ಎಸ್‌ಪಿಒ ಜಾಲತಾಣದಲ್ಲಿ ನೋಡಿ. ಅದರ ಅವಧಿ 5 ವರ್ಷವಾದರೂ ಪ್ರತಿ ವರ್ಷ ಆಡಿಟ್ ಇರುತ್ತದೆ, ನಡುವೆ ಅಮಾನತಾಗಿರಬಹುದು. ನಿಮ್ಮ ಉತ್ಪನ್ನದ ಮೇಲೂ ಹೇಳಿಕೊಳ್ಳಬೇಕೆಂದರೆ ನೀವೂ ಸದಸ್ಯರಾಗಬೇಕು. ವರ್ಷಕ್ಕೆ 500 ಟನ್‌ಗಿಂತ ಕಡಿಮೆ ಬಳಸುವವರಿಗೆ ಸದಸ್ಯತ್ವದ ಬೇರೆ ವರ್ಗವೇ ಇದೆ.

ಇಲ್ಲಿಂದ ಹಿಂದಕ್ಕೆ ಹೋಗೋಣ. ರಿಫೈನರಿಯನ್ನು ಮಿಲ್‌ಗಳ ಪಟ್ಟಿ ಕೇಳಿ: ಹೆಸರು, ಊರು, ಅಕ್ಷಾಂಶ, ರೇಖಾಂಶ, ಮತ್ತು ಜಾಗತಿಕ ಮಿಲ್ ಪಟ್ಟಿಯಲ್ಲಿ ಪ್ರತಿ ಮಿಲ್‌ಗೂ ಕೊಟ್ಟಿರುವ, ‘ಪಿಒ’ ಎಂದು ಶುರುವಾಗುವ ಸಂಖ್ಯೆ. ಮಿಲ್ ಗೊತ್ತಾದರೆ ಅರ್ಧ ಜಾಡು ಸಿಕ್ಕಂತೆ. ಕೊಯ್ದ ಗೊನೆಯನ್ನು ಹೆಚ್ಚುಕಡಿಮೆ ಒಂದು ದಿನದೊಳಗೆ ಬೇಯಿಸದಿದ್ದರೆ ಆಮ್ಲದ ಅಂಶ ಏರುತ್ತದೆ. ಹಾಗಾಗಿ ಹಣ್ಣು ಬರುವುದು ಮಿಲ್‌ನ ಸುತ್ತಮುತ್ತಲಿನ ತೋಟಗಳಿಂದಲೇ. ಕರ್ನಲ್ ಹಾಗಲ್ಲ. ಒಣಗಿದ ಬೀಜ ಬೇಗ ಕೆಡುವುದಿಲ್ಲ, ಹತ್ತಾರು ಮಿಲ್‌ಗಳಿಂದ ದೂರದ ಗಾಣಕ್ಕೆ ಹೋಗುತ್ತದೆ. ಅದಕ್ಕೇ ಕರ್ನಲ್ ಎಣ್ಣೆಯ ಜಾಡು ಹಿಡಿಯಲು ಹೆಚ್ಚು ಸಮಯ ಇಟ್ಟುಕೊಳ್ಳಿ.

ಮಿಲ್‌ನಿಂದ ತೋಟಕ್ಕೆ ಹೋಗುವ ದಾರಿಯಲ್ಲೇ ಸರಪಳಿ ಕಡಿಯುವುದು. ಸಣ್ಣ ರೈತ ನೇರವಾಗಿ ಮಿಲ್‌ಗೆ ಹಾಕದೆ ಮಧ್ಯವರ್ತಿಗೆ ಮಾರುತ್ತಾನೆ, ಅವನ ಲಾರಿಯಲ್ಲಿ ಇಪ್ಪತ್ತು ತೋಟಗಳ ಗೊನೆ ಒಟ್ಟಾಗುತ್ತದೆ. ಇಂಡೊನೇಷ್ಯಾದ ಸುಮಾತ್ರಾ ದ್ವೀಪದ ರಿಯಾವ್ ಪ್ರಾಂತ್ಯದ ತೆಸ್ಸೊ ನಿಲೊ ರಾಷ್ಟ್ರೀಯ ಉದ್ಯಾನದೊಳಗೇ ಕಾಡು ಕಡಿದು ತಾಳೆ ನೆಟ್ಟಿದ್ದಾರೆ. ಅದು ಆನೆಗಳ ನೆಲೆ. ಅಲ್ಲಿಯ ಗೊನೆ ಒಮ್ಮೆ ಲಾರಿ ಹತ್ತಿದರೆ ಬೇರೆ ಗೊನೆಯಿಂದ ಬೇರ್ಪಡಿಸಲು ಯಾರಿಂದಲೂ ಆಗದು. ಆದ್ದರಿಂದ ಮಧ್ಯವರ್ತಿಯ ಹೆಸರಿಗೇ ನಿಲ್ಲಿಸದೆ, ಅವನಿಗೆ ಹಾಕುವ ರೈತರ ಪಟ್ಟಿ ಮತ್ತು ಜಮೀನಿನ ಗುರುತು ಕೇಳಿ.

ಪಟ್ಟಿ ಬಂದ ಮೇಲೆ ಮೂರು ಲೆಕ್ಕ ಹಾಕಿ. 2 ಹೆಕ್ಟೇರಿನ ರೈತ ವರ್ಷಕ್ಕೆ 120 ಟನ್ ಗೊನೆ ಕೊಟ್ಟಿದ್ದಾನೆ ಎಂದಿದ್ದರೆ ಅದು ಹೆಕ್ಟೇರಿಗೆ 60 ಟನ್, ಆಗದ ಮಾತು. ಹೆಕ್ಟೇರಿಗೆ 30 ಟನ್ ದಾಟಿದರೇ ವಿವರಣೆ ಕೇಳಬೇಕು. ಇನ್ನೊಬ್ಬರ ಹಣ್ಣು ಅವನ ಹೆಸರಿನಲ್ಲಿ ಬರುತ್ತಿರಬಹುದು. ಎರಡನೆಯದು ಮಿಲ್‌ನದು: ಗೊನೆಯ ತೂಕದಲ್ಲಿ ಎಣ್ಣೆ ಸುಮಾರು ಐದನೇ ಒಂದು ಪಾಲು. 1,000 ಟನ್ ಪ್ರಮಾಣೀಕೃತ ಗೊನೆಗೆ 300 ಟನ್ ಪ್ರಮಾಣೀಕೃತ ಎಣ್ಣೆ ಮಾರಿದ್ದರೆ ಲೆಕ್ಕ ತಪ್ಪಿದೆ. ಮೂರನೆಯದು ನಕ್ಷೆ: ರಿಯಾವ್‌ನ ತೋಟಕ್ಕೆ ಅಕ್ಷಾಂಶ 101 ಎಂದಿದ್ದರೆ ಅಕ್ಷಾಂಶ, ರೇಖಾಂಶ ಅದಲುಬದಲಾಗಿವೆ, ಅಕ್ಷಾಂಶ 90 ದಾಟುವುದಿಲ್ಲ. ಹತ್ತು ರೈತರಿಗೂ ಒಂದೇ ಬಿಂದು ಕೊಟ್ಟಿದ್ದರೆ ಅದು ಮಧ್ಯವರ್ತಿಯ ತೂಕದ ಕಟ್ಟೆಯ ಗುರುತೇ ಇರಬೇಕು.

ಯುರೋಪಿಗೆ ಕಳಿಸುವವರಿಗೆ ಇನ್ನೊಂದು ಮಾತು. ಅಲ್ಲಿಯ ಅರಣ್ಯನಾಶ ತಡೆ ಕಾನೂನಿನ ಪ್ರಕಾರ 2020ರ ಡಿಸೆಂಬರ್ 31ರ ನಂತರ ಕಾಡು ಕಡಿದ ಜಾಗದ ಎಣ್ಣೆ ಸಲ್ಲದು. 4 ಹೆಕ್ಟೇರ್ ಮೀರಿದ ಜಮೀನಿಗೆ ಗಡಿರೇಖೆಯನ್ನೇ ಕೊಡಬೇಕು, ಅದಕ್ಕಿಂತ ಚಿಕ್ಕದಕ್ಕೆ ದಶಮಾಂಶದ ಆರು ಅಂಕಿಯವರೆಗಿನ ಒಂದು ಬಿಂದು ಸಾಕು. ಎಂಬಿ ಎಣ್ಣೆ ಇಲ್ಲಿ ನಡೆಯುವುದಿಲ್ಲ, ಏಕೆಂದರೆ ಅದರಲ್ಲಿ ಬೆರೆತ ಸಾಮಾನ್ಯ ಎಣ್ಣೆಯ ತೋಟ ಗೊತ್ತಿರುವುದಿಲ್ಲ. ಈ ಕಾನೂನಿಗೆ ಒಳಪಡುವ ವಸ್ತುಗಳೆಂದು 2023ರಲ್ಲಿ ಪ್ರಕಟವಾದ ಪಟ್ಟಿಯಲ್ಲಿ ಸಾಬೂನು ಇರಲಿಲ್ಲ, ಆದರೆ ಶುದ್ಧ ಗ್ಲಿಸರಿನ್, ಸ್ಟಿಯರಿಕ್ ಆಮ್ಲ ಇದ್ದವು. ಸಾಬೂನಿನ ಜೊತೆಗೆ ಗ್ಲಿಸರಿನ್ ಮಾರುವವರು ಇದನ್ನು ಗಮನಿಸಬೇಕು.

ಯಾವ ಹಂತದಲ್ಲಾದರೂ ಕಾಗದ ಹೊಂದದಿದ್ದರೆ ಎಣ್ಣೆಯನ್ನು ಹಿಂದಕ್ಕೆ ಕಳಿಸಲೇಬೇಕೆಂದಿಲ್ಲ. ಬೇರೆ ಟ್ಯಾಂಕಿಗೆ ಇಳಿಸಿಕೊಂಡು ಆ ಲೋಡನ್ನು ಖಾತೆಯಲ್ಲಿ ‘ಸಾಮಾನ್ಯ’ ಎಂದು ಬರೆಯಿರಿ. ಮಾರಿದವರು ತಿದ್ದಿದ ಬಿಲ್ ಕಳಿಸಿ, ನೀವು ಅದನ್ನು ಪರಿಶೀಲಿಸಿದ ಮೇಲಷ್ಟೇ ಆ ಬರಹ ಬದಲಾಯಿಸಿ, ಬದಲಾಯಿಸಿದ ದಿನಾಂಕ ಹಾಕಿ ಸಹಿ ಮಾಡಿ.