ಸಂದು ಬಿಟ್ಟು ಮರದ ಪಟ್ಟಿ ಹೊಡೆಸುವ ಮುಂಚೆ ಹಿಂದಿನ ಬೋರ್ಡ್ ನೋಡಿಕೊಳ್ಳಿ

ಸ್ಟೀಲ್ ಫ್ರೇಮ್ ಗೋಡೆಗೆ ಹೊರಗಡೆ ಸಂದು ಬಿಟ್ಟು ಪಟ್ಟಿ ಹೊಡೆಸುವವರಿಗೆ ಒಂದು ಮಾತು. ಪಟ್ಟಿ ಇರುವುದು ಚಂದಕ್ಕೆ. ಮಳೆ ತಡೆಯಬೇಕಾದ್ದು ಹಿಂದಿನ ಬೋರ್ಡು, ಅದರ ಮೇಲಿನ ಮೆಂಬ್ರೇನ್ (ನೀರು ತಡೆಯುವ ಹಾಳೆ). ಕರಾವಳಿ, ಮಲೆನಾಡಿನ ಗಾಳಿಮಳೆಗೆ ಆ ಸಂದಿನಲ್ಲಿ ನೀರು ಬಂದೇ ಬರುತ್ತದೆ.

ಬೋರ್ಡಿಗೆ ನನ್ನ ಆಯ್ಕೆ ಹೊರಗೋಡೆಗೆಂದೇ ಮಾಡಿದ ಫೈಬರ್ ಸಿಮೆಂಟ್ ಬೋರ್ಡ್. ಕೊಳೆಯಲ್ಲ, ಗೆದ್ದಲು ತಿನ್ನಲ್ಲ. ಪ್ಲೈವುಡ್ಡೇ ಬೇಕಾದರೆ ಐಎಸ್ 710 (ಭಾರತೀಯ ಮಾನಕ) ಗುರುತಿನ ಮೆರೀನ್ ಪ್ಲೈ ಕೇಳಿ, ಅಂಗಡಿಯವರು ಎಂಆರ್ (ಬರೀ ತೇವ ತಡೆಯುವ) ಪ್ಲೈ ತೋರಿಸಿ 'ಇದೂ ವಾಟರ್‌ಪ್ರೂಫೇ ಸಾರ್' ಅಂದರೆ ನಂಬಬೇಡಿ, ಅದು ಮನೆಯೊಳಗಿನ ಕಪಾಟಿಗೆ ಸರಿ. ಕತ್ತರಿಸಿದ ಅಂಚಿಗೆ ಸೀಲರ್ ಮರೆಯಬೇಡಿ, ಪ್ಲೈ ಉಬ್ಬಲು ಶುರುವಾಗುವುದೇ ಅಲ್ಲಿಂದ.

ಜಾಸ್ತಿ ಜನ ಎಡವುವುದು ಮೆಂಬ್ರೇನ್‌ನಲ್ಲಿ. ಮಾಮೂಲಿ ಹಾಳೆಗಳು ಕೆಲವೇ ತಿಂಗಳ ಬಿಸಿಲು ತಡೆಯುತ್ತವೆ, ಆದರೆ ಇಲ್ಲಿ ಸಂದಿನಿಂದ ವರ್ಷಾನುಗಟ್ಟಲೆ ಬಿಸಿಲು ಬೀಳುತ್ತಲೇ ಇರುತ್ತದೆ ಅಲ್ವಾ, ಹಾಳೆ ಪುಡಿಯಾದರೂ ಪಟ್ಟಿ ಬಿಚ್ಚುವವರೆಗೆ ಯಾರಿಗೂ ಗೊತ್ತಾಗುವುದಿಲ್ಲ. ಬಿಸಿಲಿನ ಯುವಿ ಕಿರಣ ತಡೆಯುವ, ಆವಿ ಹೊರಬಿಡುವ ಕಪ್ಪು ಹಾಳೆ ತನ್ನಿ. ಎಷ್ಟು ಮಿಲಿಮೀಟರ್ ಸಂದಿಗೆ ವಾರಂಟಿ ಅಂತ ಬರಹದಲ್ಲೇ ಕೇಳಿ. ದುಬಾರಿ, ನಿಜ.

ಪಟ್ಟಿ ಅಡ್ಡಕ್ಕಿದ್ದರೆ ಅದನ್ನು ಹೊಡೆಯುವ ಹಿಂದಿನ ರೀಪರ್ (ಆಧಾರದ ಪಟ್ಟಿ) ಮೇಲಿಂದ ಕೆಳಕ್ಕೆ ಉದ್ದಕ್ಕೆ ಇರಲಿ, ನೀರು ಸಲೀಸಾಗಿ ಇಳಿಯುತ್ತದೆ. ಪಟ್ಟಿಯೇ ಉದ್ದಕ್ಕಿದ್ದರೆ ಎರಡು ಪದರ ರೀಪರ್ ಬೇಕು. 20 ಮಿಲಿಮೀಟರ್ ಆದರೂ ಗಾಳಿಯಾಡಲು ಜಾಗ ಬಿಡಿ. ಕೆಳಗೆ, ಮೇಲೆ ಜಾಲರಿ ಹಾಕಿಸಿ, ಇಲ್ಲದಿದ್ದರೆ ಕಣಜ ಗೂಡು ಕಟ್ಟುವುದು ಗ್ಯಾರಂಟಿ. ಸಮುದ್ರದ ಹತ್ತಿರವಾದರೆ ಸ್ಕ್ರೂ 316 ಗ್ರೇಡ್ ಸ್ಟೇನ್‌ಲೆಸ್ ಸ್ಟೀಲಿನದೇ ಆಗಲಿ.